ಹೊಲಿಗೆ ಬಿಟ್ಟ ಹೊಟ್ಟೆ

ಹೊಟ್ಟೆ ಕುಯ್ಸಿಕೊಂಡು ಮಲಗಿದವನನ್ನು ನೋಡಲು ಬರುವವರ ಬಗ್ಗೆ ವಿಜಯಲಕ್ಷ್ಮಿ ಒಂದು ತೀರ್ಮಾನಕ್ಕೆ ಬಂದಿದ್ದಳು: ಇವರಿಗಿಂತ ಕೀವು ವಾಸಿ. ಕೀವನ್ನಾದರೆ ಅರಳೆಯಲ್ಲಿ ಒರೆಸಿ ಎಸೆಯಬಹುದು. ಇವರನ್ನು ಕೂರಿಸಿ ಚಹಾ ಕೊಡಬೇಕು.

ಕುರುಗೋಡಿನ ಆ ಮನೆಯ ಪಡಸಾಲೆಯಲ್ಲಿ ಅವಳ ಗಂಡ ಪ್ರಭುಲಿಂಗ ಮಂಚದ ಮೇಲೆ ಅಂಗಾತ ಬಿದ್ದುಕೊಂಡಿದ್ದ. ಬಳ್ಳಾರಿಯ ಆಸ್ಪತ್ರೆಯಲ್ಲಿ ಅವನ ಹೊಟ್ಟೆಯನ್ನು ಎದೆಗೂಡಿನ ಕೆಳಗಿನಿಂದ ಹೊಕ್ಕುಳ ದಾಟುವವರೆಗೆ ಕುಯ್ದು ಹೊಲಿದಿದ್ದರು. ಆ ಹೊಲಿಗೆ ಕೀವಾಗಿ, ಮೇಲ್ಚರ್ಮದ ನಡುವಿನ ದಾರಗಳನ್ನು ಡಾಕ್ಟರೇ ಬಿಚ್ಚಿ, ಈಗ ಅಲ್ಲೊಂದು ಬಾಯಿ ತೆರೆದ ಗಾಯ. ಬರುವವರು ಒಂದು ಕೈಯಲ್ಲಿ ಬ್ರೆಡ್ ಪ್ಯಾಕೆಟ್ಟು ಹಿಡಿದು, ಇನ್ನೊಂದು ಕೈಯಲ್ಲಿ ಮೂಗಿಗೆ ಸೆರಗು ಒತ್ತಿಕೊಂಡು ಹೊಸ್ತಿಲು ದಾಟುತ್ತಿದ್ದರು. ಮೂಗು ಮುಚ್ಚಿಕೊಂಡೇ ಮಂಚದ ಹತ್ತಿರ ಬಂದು, "ಒಂದೀಟು ಬಟ್ಟಿ ಸರಿಸವ್ವಾ, ನೋಡಾಣ" ಎನ್ನುತ್ತಿದ್ದರು. ಸರಿಸಿದರೆ "ಅಯ್ಯಯ್ಯೋ ಶಿವನ" ಎಂದು ಕಣ್ಣು ಮುಚ್ಚುವುದು, ಮುಚ್ಚಿದ ಕಣ್ಣಿನ ಸಂದಿಯಿಂದ ಮತ್ತೊಮ್ಮೆ ಇಣುಕುವುದು. ಆಮೇಲೆ ಗೋಡೆಗೆ ಒರಗಿ ಕೂತು, ಹಿಂಗೇ ಹೊಟ್ಟೆ ಕುಯ್ಸಿಕೊಂಡು ಸತ್ತ ತಮ್ಮ ಬೀಗರ ಕಥೆ ಶುರು ಮಾಡುವುದು. ಮಲಗಿದವನ ಕಿವಿಗೆ ಅದು ಬೀಳುತ್ತದೆ ಅನ್ನುವ ಖಬರೂ ಇಲ್ಲ. ಎದುರುಮನೆಯ ವೀರಭದ್ರನ ಹೆಂಡತಿಯಂತೂ ದಿನಾ ಬರುತ್ತಿದ್ದಳು. ಗಾಯ ತೊಳೆಯುವ ಹೊತ್ತನ್ನು ಸರಿಯಾಗಿ ಗೊತ್ತು ಮಾಡಿಕೊಂಡು, ಟೀವಿ ಧಾರಾವಾಹಿಗೆ ಕೂತಂತೆ ಬಂದು ಕೂರುತ್ತಿದ್ದಳು. ಥೂ, ಎಂಥ ಜನ ಇವರು, ಅನ್ನಿಸುತ್ತಿತ್ತು ವಿಜಯಲಕ್ಷ್ಮಿಗೆ. ಬಾಯಿ ಬಿಟ್ಟು ಅನ್ನುವಂತಿರಲಿಲ್ಲ, ಯಾಕೆಂದರೆ ಅದು ಅವಳ ಮನೆಯಲ್ಲ. ಗಂಡನ ಅಕ್ಕ ಜಡೆಮ್ಮನ ಮನೆ.

ಅವಳಿಗೆ ಗಾಯದ ಬಗ್ಗೆ ಹೇಸಿಗೆ ಇರಲಿಲ್ಲ. ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಯ ಹಿಂದಿನ ಓಣಿಯಲ್ಲಿ ಹುಟ್ಟಿ ಬೆಳೆದವಳು ಅವಳು. ನೆನೆಹಾಕಿದ ಭತ್ತದ ಹುಳಿ ನಾತ, ಗಿರಣಿಯಿಂದ ಹರಿದು ಬಂದು ಬಾಗಿಲ ಮುಂದೆ ನಿಲ್ಲುವ ಕಪ್ಪು ನೀರು, ಇವೆಲ್ಲ ಅವಳಿಗೆ ಚಿಕ್ಕಂದಿನಿಂದ ಮೂಗಿಗೆ ಒಗ್ಗಿ ಹೋಗಿದ್ದವು. ತಾಯಿ ಜಂಬಮ್ಮನ ಎಮ್ಮೆ ಕರು ಹಾಕಲಾರದೆ ಒದ್ದಾಡಿದಾಗ ಮೊಣಕೈತನಕ ಕೈ ಹಾಕಿ ಕರು ಎಳೆದವಳು ಇವಳೇ. ಆಗಿನ್ನೂ ಲಂಗ ದಾವಣಿ ತೊಡುತ್ತಿದ್ದಳು. ಮುಟ್ಟಲು ಬರದ ಹೊಲಸು ಅಂತ ಯಾವುದೂ ಇರುವುದಿಲ್ಲ, ನೀರು ಸೋಪು ಇದ್ದರೆ ಮುಗಿಯಿತು ಅನ್ನುವ ಪೈಕಿ. ಅವಳ ಹೊಟ್ಟೆ ತೊಳಸುತ್ತಿದ್ದದ್ದು ಬೇರೆಯದಕ್ಕೆ. ಒಳಗೊಂದು ಇಟ್ಟುಕೊಂಡು ಹೊರಗೊಂದು ಆಡುವ ಬಾಯಿಗಳನ್ನು ಕಂಡರೆ ಅವಳಿಗೆ ಅಲ್ಲಿ ನಿಲ್ಲಲು ಆಗುತ್ತಿರಲಿಲ್ಲ, ಎದ್ದು ಹೋಗಿಬಿಡುತ್ತಿದ್ದಳು. ಹಾಗಾಗಿ ಸೊಕ್ಕಿನವಳು ಅನ್ನಿಸಿಕೊಂಡಿದ್ದಳು.

ಮದುವೆಯಾದದ್ದು ಬಳ್ಳಾರಿಯ ಒಂದು ಜೀನ್ಸ್ ಯೂನಿಟ್ಟಿನಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದ ಪ್ರಭುಲಿಂಗನನ್ನು. ಪಾರ್ವತಿನಗರದ ದೊಡ್ಡ ಮನೆಯೊಂದರ ಹಿಂದಿನ ಎರಡು ಕೋಣೆಗಳಲ್ಲಿ ಸಂಸಾರ. ಗಂಡ ದಿನವಿಡೀ ನಿಂತು ಥಾನುಗಟ್ಟಲೆ ಬಟ್ಟೆ ಕತ್ತರಿಸುತ್ತಿದ್ದ, ಇವಳು ಮನೆಗೆ ಪ್ಯಾಂಟು ತರಿಸಿಕೊಂಡು ದಾರ ಕತ್ತರಿಸಿ ಗುಂಡಿ ಕೂರಿಸುತ್ತಿದ್ದಳು. ಮಗಳು ಅನುಷಾ ಕಾಲೇಜಿಗೆ ಸೇರಿದ ಮೇಲೆ ಸಿರುಗುಪ್ಪದಲ್ಲಿ ಅಜ್ಜಿಯ ಹತ್ತಿರ ಉಳಿದಿದ್ದಳು. ನಿಂತು ನಿಂತು ಪ್ರಭುಲಿಂಗನ ಸೊಂಟ ಹಿಡಿಯುತ್ತಿತ್ತು. ಅದಕ್ಕೆ ಮೆಡಿಕಲ್ ಶಾಪಿನವನು ಕೊಟ್ಟ ನೋವಿನ ಗುಳಿಗೆ. ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ಗುಳಿಗೆ, ಮೇಲೊಂದು ಕಡಕ್ ಚಹಾ, ಅದರ ಮೇಲೊಂದು ಬೀಡಿ. ವರ್ಷಗಟ್ಟಲೆ ಇದೇ ಅವನ ನಾಷ್ಟಾ. "ಏನಾದ್ರೂ ತಿಂದು ನುಂಗ್ರಿ" ಎಂದು ಇವಳು ಹೇಳಿ ಹೇಳಿ ಸಾಕಾಗಿ ಬಿಟ್ಟಿದ್ದಳು.

ಒಂದು ಮಧ್ಯಾಹ್ನ ಯೂನಿಟ್ಟಿನಲ್ಲಿ ಕತ್ತರಿಸುತ್ತಿದ್ದ ಬಟ್ಟೆಯ ಮೇಲೇ ಅವನು ಮುಗ್ಗರಿಸಿ ಬಿದ್ದ. ಜೊತೆಯ ಟೇಲರ್ ಶಾಬುದ್ದೀನ್ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದ. ವಿಜಯಲಕ್ಷ್ಮಿ ಹೋಗಿ ಮುಟ್ಟಿದರೆ ಗಂಡನ ಹೊಟ್ಟೆ ಹಲಗೆಯಾಗಿತ್ತು. ಕರುಳಿನ ಮೊದಲಲ್ಲೇ ಹುಣ್ಣು ತೂತು ಬಿದ್ದಿದೆ, ತಿಂದದ್ದು, ಪಿತ್ತ ಎಲ್ಲ ಹೊಟ್ಟೆಯೊಳಗೆ ಹರಡಿದೆ ಅಂದರು. ಹೊಟ್ಟೆ ತೆರೆದು, ತೊಳೆದು, ಒಳಗಿನ ಕೊಬ್ಬಿನ ಪದರವನ್ನೇ ಎಳೆದು ತೂತಿಗೆ ತೇಪೆ ಹಾಕಿದರು. ತೇಪೆ ಕಚ್ಚಿಕೊಂಡಿತು. ಅಷ್ಟರಮಟ್ಟಿಗೆ ಪುಣ್ಯ. ಆದರೆ ಬೀಡಿ ಸೇದಿದ ಎದೆಯಲ್ಲಿ ಕಫ ಕಟ್ಟಿತು. ಒಂದೊಂದು ಕೆಮ್ಮಿಗೂ ಅವನು ದಿಂಬನ್ನು ಹೊಟ್ಟೆಗೆ ಒತ್ತಿಕೊಂಡು ಕಣ್ಣಲ್ಲಿ ನೀರು ತರುತ್ತಿದ್ದ. ಮೂಗಿನ ನಳಿಕೆಯಿಂದ ಹಸಿರು ನೀರು, ಪಕ್ಕೆಯ ನಳಿಕೆಯಿಂದ ಹಳದಿ ನೀರು. ಹೊಲಿಗೆಯ ಸುತ್ತ ಕೆಂಪಗಾಗಿ ಉಬ್ಬಿ, ಒಂದು ದಿನ ಒತ್ತಿದರೆ ಚಿಳ್ಳನೆ ಕೀವು. ಆ ನಾತಕ್ಕೆ ಪಕ್ಕದ ಹಾಸಿಗೆಯವರು ಜಾಗ ಬದಲಿಸಿಕೊಂಡರು. ವಿಜಯಲಕ್ಷ್ಮಿ ನಳಿಕೆಗಳ ಚೀಲ ಬರಿದು ಮಾಡಿ, ಬಟ್ಟೆ ಬದಲಿಸಿ, ಕೈ ತೊಳೆದು, ಅಲ್ಲೇ ಕೂತು ಚಿತ್ರಾನ್ನ ತಿನ್ನುತ್ತಿದ್ದಳು.

ಬಿಡುಗಡೆ ಮಾಡುವ ದಿನ ಆಪರೇಷನ್ ಮಾಡಿದ ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು: "ಗಾಯ ಕೆಳಗಿಂದ ಮಾಂಸ ತುಂಬಿಕೊಂಡು ಮೇಲೆ ಬರಬೇಕು. ಇವರ ಮೈಯಲ್ಲಿ ಅದಕ್ಕೆ ಸಾಮಾನೇ ಇಲ್ಲ. ದಿನಾ ಮೊಟ್ಟೆ ಕೊಡಿ. ಬೇಳೆ, ಹಾಲು, ಮೊಸರು, ಎಲ್ಲಾ ಕೊಡಿ."

ಮೊಟ್ಟೆ ಅಂದ ಕೂಡಲೇ ಪ್ರಭುಲಿಂಗ ಮುಖ ಕಿವುಚಿ ಕೊರಳಿನ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡ. "ಅದರ ವಾಸನಿ ಬಂದ್ರ ಸಾಕ್ರಿ ಸರ, ನನಗ ಓಕರಿಕಿ" ಅಂದ. ಪಕ್ಕದಲ್ಲಿ ನಿಂತಿದ್ದ ಜಡೆಮ್ಮ, "ನಮ್ಮ ಮನಿತನದಾಗ ಇಲ್ರಿ ಅದು. ನಮ್ಮ ಅಪ್ಪನ ಕಾಲದಿಂದ ಆ ಹೊಸ್ತಿಲ ದಾಟಿಲ್ಲ" ಎಂದು ಎದೆಯುಬ್ಬಿಸಿ ಹೇಳಿದಳು. ತಾಯಿಯಿಲ್ಲದ ತಮ್ಮನನ್ನು ಎತ್ತಿ ಬೆಳೆಸಿದವಳು ಜಡೆಮ್ಮ. ಗಂಡ ಸತ್ತ ಮೇಲೆ ತವರಿಗೇ ಬಂದು ಆ ಮನೆಯನ್ನೂ, ಅದರ ಹೆಸರನ್ನೂ ಕಾದುಕೊಂಡು ಕೂತವಳು. ಡಾಕ್ಟರು, "ಆಯಿತಮ್ಮ, ಬೇಳೆ ಹಾಲು ಆದರೂ ಧಾರಾಳವಾಗಿ ಕೊಡಿ" ಎಂದು ಮುಂದಿನ ಹಾಸಿಗೆಗೆ ಹೋದರು. ಗಾಯ ತೊಳೆದು ಅರಿವೆ ತುಂಬುವುದನ್ನು ನರ್ಸ್ ಚೈತ್ರಾ ವಿಜಯಲಕ್ಷ್ಮಿಗೆ ಕಲಿಸಿಕೊಟ್ಟು, "ಗಾಯದ ತಳ ದಾಳಿಂಬೆ ಕಾಳಿನಂಗ ಕೆಂಪಗ ಬಂದ್ರ ಗೆದ್ದಂಗ ಅಕ್ಕಾ. ಬಿಳುಚಿಕೊಂಡಽ ಇದ್ರ ಮಾತ್ರ ಸುಮ್ಮನ ಇರಬ್ಯಾಡ್ರಿ" ಅಂದಳು.

ಪಾರ್ವತಿನಗರದ ಮನೆಯ ಮಾಲೀಕರು ಎರಡನೆಯ ದಿನವೇ ಬಂದು, ಕೋಣೆಯ ಹೊರಗೇ ನಿಂತು, "ವಾಸನೆ ಮೇಲಿನವರೆಗೂ ಬರ್ತಿದೆ, ಏನಾದರೂ ವ್ಯವಸ್ಥೆ ಮಾಡಿಕೊಳ್ಳಿ" ಅಂದರು. ಹಬ್ಬಕ್ಕೆ ಇವಳ ಕೈಯ ಹೋಳಿಗೆ ತಿಂದು ಹೊಗಳಿದ್ದ ಬಾಯಿ ಅದು. ಆಗ ಜಡೆಮ್ಮ ತಮ್ಮನನ್ನು ಕುರುಗೋಡಿಗೆ ಕರೆಸಿಕೊಂಡಳು. ಕರೆಸಿಕೊಂಡವಳು ಪಥ್ಯ ಶುರು ಮಾಡಿದಳು.

ಗಾಯವಾದವನಿಗೆ ನಂಜಿನ ಪದಾರ್ಥ ಕೊಟ್ಟರೆ ಗಾಯ ಕೀವು ಹಿಡಿಯುತ್ತದೆ ಅನ್ನುವುದು ಆ ಕಡೆ ಎಲ್ಲರ ಮನೆಯಲ್ಲೂ ಇರುವ ಮಾತೇ. ಬದನೆಕಾಯಿ ಬೇಡ, ಕುಂಬಳಕಾಯಿ ಬೇಡ ಅನ್ನುವುದು ಒಂದು. ಜಡೆಮ್ಮನ ನಂಜಿಗೆ ಮಾತ್ರ ಮೇರೆಯೇ ಇರಲಿಲ್ಲ. ತೊಗರಿಬೇಳೆ ನಂಜು. ಶೇಂಗಾ ನಂಜು. ಹೆಸರುಬೇಳೆ ತಂಪು, ಕೆಮ್ಮು ಏಳುತ್ತದೆ. ಹಾಲು ಕಫ. ಮೊಸರು ತಿಂದರೆ ಮೊಸರಿನಂಥದೇ ಕೀವು. ಉಳಿದದ್ದು ಅಕ್ಕಿನುಚ್ಚಿನ ಗಂಜಿ ಮತ್ತು ಬಂದವರು ತಂದ ಬ್ರೆಡ್ಡು. ಅದನ್ನು ಕರಿ ಚಹಾದಲ್ಲಿ ಅದ್ದಿ ತಿನ್ನಬೇಕು. ಎರಡು ಹೊತ್ತು ಇದೇ.

"ಅಕ್ಕಾ, ಡಾಕ್ಟ್ರು ಬ್ಯಾಳಿ ಕೊಡು ಅಂದಾರ" ಅಂದಳು ವಿಜಯಲಕ್ಷ್ಮಿ.

"ಡಾಕ್ಟ್ರು ಕುಯ್ದು ಕೈ ತೊಳಕಂಡ್ರು. ಕೀವು ತೊಳಿಯಾಕಿ ನೀನಽ, ನೋಡಾಕಿ ನಾನಽ. ನನ್ನ ತಮ್ಮನ್ನ ಏನ್ ಮಾಡಬೇಕಂತ ಮಾಡಿ?"

ಮಂಚದಿಂದ ಪ್ರಭುಲಿಂಗ ಕ್ಷೀಣವಾಗಿ, "ಅಕ್ಕ ಹೇಳೂದು ಖರೆ ಐತಿ, ಸುಮ್ಕಿರು" ಅಂದ.

ಸುಮ್ಮನಿದ್ದಳು. ಇದೇ ಅವಳಿಗೆ ಆಮೇಲೆ ತನ್ನ ಮೇಲೇ ಹೇಸಿಗೆ ಹುಟ್ಟಿಸಿದ್ದು. ಸಿರುಗುಪ್ಪದಲ್ಲೂ ಬಾಣಂತಿಗೆ ನಂಜು ಅಂತ ಅದು ಇದು ಬಿಡಿಸುತ್ತಿದ್ದದ್ದನ್ನು ನೋಡಿದ್ದಳು. ಅರ್ಧ ನಂಬಿದಳು, ಇನ್ನರ್ಧ ಜಗಳ ಯಾಕೆ ಅಂತ ಬಾಯಿ ಮುಚ್ಚಿಕೊಂಡಳು. ಬೆಳಗ್ಗೆ ಎದ್ದು ಅರಿವೆ ತೆಗೆದು ಗಾಯದ ತಳ ನೋಡುವುದು, ಚೈತ್ರಾ ಹೇಳಿದ ಕೆಂಪು ಎಲ್ಲಾದರೂ ಒಂದು ಕಾಳಿನಷ್ಟು ಇದೆಯೇ ಎಂದು ಹುಡುಕುವುದು. ಇರಲಿಲ್ಲ. ನೀರಲ್ಲಿ ಬಿದ್ದ ಸೋಪಿನ ತುಂಡಿನ ಹಾಗೆ ಬಿಳುಚಿ ಲೋಳೆಯಾಗಿ ಇತ್ತು. ಗಂಡನ ತೋಳು ಕಟ್ಟಿಗೆಯಾಗಿ, ಕೆನ್ನೆ ಒಳಗೆ ಹೋಗಿ, ಪಾದ ಮಾತ್ರ ಊದಿಕೊಂಡವು. ಒಂದೊಂದು ದಿನ ಅರಿವೆಗೆ ಕೀವಿನ ಬದಲು ತೆಳುವಾದ ನೀರು ಹತ್ತಿರುತ್ತಿತ್ತು. "ನಂಜು ಇಳದು ಹೊಂಟೈತಿ, ಚಲೋನಽ ಆತು" ಅನ್ನುತ್ತಿದ್ದಳು ಜಡೆಮ್ಮ. ವೀರಭದ್ರನ ಹೆಂಡತಿ ಮೂಗು ಮುಚ್ಚಿಕೊಂಡೇ ತಲೆಯಾಡಿಸುತ್ತಿದ್ದಳು.

ಅಂಥದೊಂದು ದಿನ ಶಾಬುದ್ದೀನ್ ಬಂದ. ಬ್ರೆಡ್ಡು ತಂದಿರಲಿಲ್ಲ, ಮೂಗೂ ಮುಚ್ಚಲಿಲ್ಲ. ಮಂಚದ ಪಕ್ಕ ಕೂತು ಯೂನಿಟ್ಟಿನ ಸುದ್ದಿ ಹೇಳಿದ, ಗೆಳೆಯನ ಊದಿದ ಪಾದ ನೋಡಿ ಬೇಗನೆ ಎದ್ದ. ವಿಜಯಲಕ್ಷ್ಮಿ ಬಸ್ ಸ್ಟ್ಯಾಂಡಿನ ತಿರುವಿನವರೆಗೆ ಅವನ ಜೊತೆ ಬಂದಳು.

"ಏನ್ ಭಾಬಿ, ಹಿಂಗ ಕಡ್ಡಿ ಆಗ್ಯಾನ? ತತ್ತಿ ಗಿತ್ತಿ ತಿನಸಾಕತ್ತೀರೋ ಇಲ್ಲೋ?"

"ನಮ್ಮ ಮನ್ಯಾಗ ತತ್ತಿ ಎಲ್ಲೈತಪ್ಪ? ಅವರಿಗಂತೂ ವಾಸನಿ ಬಂದ್ರ ಓಕರಿಕಿ."

ಶಾಬುದ್ದೀನ್ ನಕ್ಕುಬಿಟ್ಟ. "ಯಾರಿಗೆ? ನಮ್ಮ ಪ್ರಭಣ್ಣಗ?" ಅಂದವನು ಅವಳ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದ. ಬಸ್ಸು ಬಂತೇನೋ ಎಂಬಂತೆ ಅತ್ತ ನೋಡಿದ. ಬಸ್ಸು ಬಂದಿರಲಿಲ್ಲ.

"ಹೇಳು" ಅಂದಳು ವಿಜಯಲಕ್ಷ್ಮಿ.

"ಏನಿಲ್ಲ ಭಾಬಿ."

"ಹೇಳದಽ ಬಸ್ ಹತ್ತಿದಿ ಅಂದ್ರ ನಾನೂ ಹತ್ತಿ ಬರ್ತೀನಿ."

ಅವನು ಕತ್ತು ಕೆರೆದುಕೊಂಡ. "ದಿನಾ ಸಂಜಿಗೆ ಗೇಟ್ ಮುಂದಿನ ಬಂಡ್ಯಾಗ ಎಗ್ ರೈಸ್ ತಿಂತಿದ್ದ. ಇವತ್ತು ನಿನ್ನೆದಲ್ಲ ಅದು. ತತ್ತಿ ಕಡಿಮಿ ಹಾಕಿದಿ ಅಂತ ಬಂಡಿಯವನ ಕೂಡ ಜಗಳಾನೂ ಆಡ್ತಿದ್ದ. ಆಮ್ಯಾಲ ಸೋಂಪು ಅಗಕೊಂಡು ಮನಿಗೆ ಬರ್ತಿದ್ದ. ನಿಮಗ ಗೊತ್ತೈತಿ ಅಂದ್ಕಂಡಿದ್ದೆ ನಾನು."

ವಿಜಯಲಕ್ಷ್ಮಿ ರಸ್ತೆ ಬದಿಯಲ್ಲೇ ನಿಂತಳು. ಗಂಡ ಮೊಟ್ಟೆ ತಿಂದದ್ದಕ್ಕೆ ಅವಳಿಗೆ ಏನೂ ಅನ್ನಿಸಲಿಲ್ಲ; ತಿಂದರೆ ತಿಂದ, ಹಸಿದವನು ತಿನ್ನುತ್ತಾನೆ. ಆದರೆ ಡಾಕ್ಟರ ಮುಂದೆ ಕಿವುಚಿದ ಆ ಮುಖ, ಕರಡಿಗೆ ಮುಟ್ಟಿಕೊಂಡ ಆ ಕೈ ಕಣ್ಣ ಮುಂದೆ ಬಂದವು. ದಿನಾ ಬೆಳಗ್ಗೆ ಅವನ ಹೊಟ್ಟೆಯ ಗುಂಡಿಗೆ ಬೆರಳಿಳಿಸಿ ಅರಿವೆ ತುಂಬುವಾಗ ಮೇಲಿನಿಂದ ಅವಳನ್ನು ನೋಡುತ್ತಿದ್ದ ಆ ಕಣ್ಣುಗಳೂ ನೆನಪಾದವು. ಉಗುಳು ಬಂತು. ಉಗುಳಿದಳು.

ಜಡೆಮ್ಮ ನೀರಿಗೆ ಹೋದ ಹೊತ್ತು ನೋಡಿ ಗಂಡನನ್ನು ನೇರವಾಗಿ ಕೇಳಿದಳು. ಅವನು ಮೊದಲು ಶಾಬುದ್ದೀನನನ್ನು ಬೈದ. ಆಮೇಲೆ ಸೂರು ನೋಡುತ್ತಾ, "ಹೊರಗಿಂದು ಬ್ಯಾರೆ, ಮನಿದು ಬ್ಯಾರೆ" ಅಂದ.

"ಹೊಟ್ಟಿ ಒಂದಽ ಐತೆಲ್ರಿ?"

"ನಿನಗ ತಿಳಿಯಲ್ಲ. ಅಕ್ಕ ಊರ ತುಂಬ ನನ್ನ ತಮ್ಮ ಹಂಗದಾನ, ಹಿಂಗದಾನ ಅಂತ ಹೇಳ್ಕೊಂಡು ಬಂದಾಳ. ಆಕಿ ಕಣ್ಣಾಗ ನಾನು ಹೆಂಗದೀನೋ ಹಂಗಽ ಇರ್ಲಿ."

"ಸತ್ರೂ?"

ಪ್ರಭುಲಿಂಗ ಗೋಡೆಯ ಕಡೆ ಮುಖ ತಿರುಗಿಸಿದ. ಆ ತಿರುಗಿದ ತಲೆ ನೋಡುತ್ತಾ ವಿಜಯಲಕ್ಷ್ಮಿಗೆ ಇವನನ್ನು ಹಿಡಿದು ಅಲ್ಲಾಡಿಸಿಬಿಡಬೇಕು ಅನ್ನಿಸಿತು. ಅಲ್ಲಾಡಿಸಿದರೆ ಒಳಗಿನ ಹೊಲಿಗೆ ಬಿಡುತ್ತದೆ ಅಂತ ಬಿಟ್ಟಳು.

ಮಾರನೆಯ ದಿನ ಗಾಯದ ಅರಿವೆಗೆ ಹತ್ತಿದ ನೀರು ಗುಲಾಬಿ ಬಣ್ಣದ್ದಾಗಿತ್ತು. ಅವಳು ಇನ್ನು ಯಾರನ್ನೂ ಕೇಳಲಿಲ್ಲ. ಸೆರಗು ಸಿಕ್ಕಿಸಿಕೊಂಡು ಅಂಗಡಿಗೆ ಹೋಗಿ ಮೊಟ್ಟೆ ತಂದಳು. ಓಣಿಯವರು ನೋಡಲಿ ಅಂತಲೇ ಕೈಯಲ್ಲಿ ಹಿಡಿದು ತಂದಳು. ಹಿತ್ತಲಲ್ಲಿ ಮೂರು ಕಲ್ಲಿಟ್ಟು, ನೀರು ಕಾಯಿಸುವ ಹಳೆಯ ತಂಬಿಗೆಯಲ್ಲಿ ಬೇಯಿಸಿದಳು. ಜಡೆಮ್ಮ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತು ಎದೆ ಬಡಿದುಕೊಂಡಳು: "ಹೊಸ್ತಿಲ ಹೊಲಸು ಮಾಡಿದೆಲ್ಲೇ! ನಿಮ್ಮ ಸಿರುಗುಪ್ಪದ ಗುಣಾನ ಇಲ್ಲಿ ತಂದೆಲ್ಲೇ!" ಗದ್ದಲ ಕೇಳಿ ವೀರಭದ್ರನ ಹೆಂಡತಿ ಓಡಿ ಬಂದಳು. ಇಂಥದ್ದನ್ನು ಅವಳು ಬಿಟ್ಟಾಳೇ?

ವಿಜಯಲಕ್ಷ್ಮಿ ಸಿಪ್ಪೆ ಬಿಡಿಸಿ, ಮಂಚದ ತುದಿಗೆ ಕೂತು, ಬಿಸಿ ಮೊಟ್ಟೆಯನ್ನು ಗಂಡನ ಬಾಯಿಯ ಹತ್ತಿರ ಹಿಡಿದಳು. "ತಿನ್ರಿ" ಅಂದಳು, ಅಷ್ಟೇ. ಶಾಬುದ್ದೀನನ ಮಾತು ಎತ್ತಲಿಲ್ಲ.

ಪ್ರಭುಲಿಂಗ ಮೊಟ್ಟೆ ನೋಡಿದ. ಒಂದು ಗಳಿಗೆ ಅವನ ಗಂಟಲು ಮೇಲೆ ಕೆಳಗೆ ಆಡಿದ್ದು ಅವಳಿಗೆ ಕಂಡಿತು. ಬಾಯಲ್ಲಿ ನೀರೂರಿತ್ತು ಅವನಿಗೆ. ಆಮೇಲೆ ಅಕ್ಕನನ್ನು ನೋಡಿದ, ಅಕ್ಕನ ಹಿಂದೆ ನಿಂತ ಎದುರುಮನೆಯವಳನ್ನು ನೋಡಿದ. ನೋಡಿದ್ದೇ ತಡ ಮುಖ ಕಿವುಚಿ, "ಥೂ! ತಗಿ! ತಗೀಲೇ ಅತ್ಲಾಗ!" ಎಂದು ಕೈಯಿಂದ ಬಾಯಿ ಮುಚ್ಚಿಕೊಂಡು "ಊಕ್" ಎಂದು ಓಕರಿಸಿದ.

ಮೊದಲ ಓಕರಿಕೆ ಶುದ್ಧ ನಾಟಕ. ಆಸ್ಪತ್ರೆಯಲ್ಲಿ ನಳಿಕೆ ಹಾಕುವಾಗ ಅವನ ನಿಜವಾದ ಓಕರಿಕೆಯನ್ನು ಬೋಗುಣಿ ಹಿಡಿದು ನೋಡಿದ್ದವಳು ಅವಳು, ಅವಳಿಗೆ ಗೊತ್ತಾಗದೆ ಇರುತ್ತದೆಯೇ? ನೋಡುವವರು ಇದ್ದಾರೆ ಅಂತ ಎರಡನೆಯದನ್ನು ಇನ್ನೂ ಜೋರಾಗಿ ಮಾಡಿದ. ಅದರ ಬೆನ್ನಿಗೆ ಎದೆಯೊಳಗಿಂದ ಕೆಮ್ಮು ಎದ್ದಿತು. ಅದು ನಾಟಕವಾಗಿರಲಿಲ್ಲ. ದಿಂಬು ಹುಡುಕಲು ಅವನು ಕೈಯಾಡಿಸುವಷ್ಟರಲ್ಲಿ ಮೈಯೆಲ್ಲ ಕುಲುಕಿ, ಹೊಟ್ಟೆಯಲ್ಲಿ ಏನೋ ಪಟ್ಟನೆ ಬಿಟ್ಟಿತು. ಗುಲಾಬಿ ನೀರು ಅರಿವೆ ದಾಟಿ ಹಾಸಿಗೆಗೆ ಇಳಿಯಿತು. ವಿಜಯಲಕ್ಷ್ಮಿ ಅರಿವೆ ಎತ್ತಿದಳು. ಕೆಳಗೆ ಹೊಳೆಯುವ ಕರುಳು ಉಸಿರಿನ ಜೊತೆ ಮೇಲೆ ಕೆಳಗೆ ಆಡುತ್ತಿತ್ತು.

ವೀರಭದ್ರನ ಹೆಂಡತಿ ಚೀರುತ್ತಾ ಓಡಿದಳು. ಜಡೆಮ್ಮ ಗೋಡೆ ಹಿಡಿದು ಕುಸಿದಳು. ವಿಜಯಲಕ್ಷ್ಮಿ ಗಾಯ ತೊಳೆಯಲು ಇಟ್ಟಿದ್ದ ಉಪ್ಪುನೀರಿನ ಬಾಟಲಿಯನ್ನು ಶುದ್ಧ ಅರಿವೆಗೆ ಸುರಿದು, ಅದನ್ನು ಕರುಳಿನ ಮೇಲೆ ಹಾಸಿ, ಎರಡೂ ಅಂಗೈ ಇಟ್ಟು ಹಿಡಿದಳು. ಆಂಬುಲೆನ್ಸ್ ಬರುವ ತನಕ, ಅದು ಬಳ್ಳಾರಿ ಸೇರುವ ತನಕ ಕೈ ತೆಗೆಯಲಿಲ್ಲ. ಅಂಗೈ ಕೆಳಗೆ ಬಿಸಿಯಾಗಿ, ಮಿಜಿಮಿಜಿ ಮಿಸುಕುತ್ತಿತ್ತು. ಇವನ ಮುಖಕ್ಕಿಂತ ಇದನ್ನು ಹಿಡಿದುಕೊಳ್ಳುವುದೇ ವಾಸಿ, ಅಂದುಕೊಂಡಳು. ದಾರಿಯುದ್ದಕ್ಕೂ ಪಕ್ಕದಲ್ಲಿ ಜಡೆಮ್ಮ ಒಂದೇ ಸಮ ಹೇಳುತ್ತಿದ್ದಳು: "ಅದನ್ನ ತಂದು ನನ್ನ ತಮ್ಮನ ಹೊಟ್ಟಿ ಒಡದೆಲ್ಲೇ." ಸಂಜೆಯೊಳಗೆ ಕುರುಗೋಡಿನ ಅರ್ಧ ಊರಿಗೆ ಇದೇ ಸುದ್ದಿಯಾಯಿತು. ಸಿರುಗುಪ್ಪದ ಹೆಣ್ಣು ಲಿಂಗವಂತನಿಗೆ ಮೊಟ್ಟೆ ತುರುಕಲು ಹೋಗಿ ಹೊಟ್ಟೆ ಹರಿಸಿದಳು ಅಂತ.

ಮತ್ತೆ ಹೊಲಿದರು. ಈ ಸಲ ದಪ್ಪ ದಾರ, ಚರ್ಮ ಕತ್ತರಿಸದಿರಲಿ ಎಂದು ದಾರಕ್ಕೆ ರಬ್ಬರ್ ನಳಿಕೆಯ ತುಂಡು ಪೋಣಿಸಿ, ಪಕ್ಕೆಯಿಂದ ಪಕ್ಕೆಗೆ ಬಿಗಿದು, ಗಾದಿಗೆ ಹಾಕಿದ ಹಾಗೆ ಹೊಲಿಗೆ. ಡಾಕ್ಟರು ವಿಜಯಲಕ್ಷ್ಮಿಯನ್ನು ಹೊರಗೆ ಕರೆದು ಬೈದರು. "ನಾನು ಹೇಳಿದ್ದೇನು, ನೀವು ಮಾಡಿದ್ದೇನು? ಇನ್ನೊಂದು ಸಲ ಬಿಟ್ಟರೆ ಹೊಲಿಯೋಕೆ ಜಾಗ ಇಲ್ಲ. ಮನುಷ್ಯ ಉಳಿಯಲ್ಲ. ತಿನ್ನಿಸಿ." ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಬೈಗುಳ ತನ್ನೊಬ್ಬಳದೇ ಅಲ್ಲ ಅಂತ ಹೇಳಬಹುದಿತ್ತು. ಹೇಳಿ ಏನಾಗಬೇಕಿತ್ತು?

ಬಾಯಿಗೆ ಊಟ ಕೊಡಬಹುದು ಅಂದ ದಿನ ಆಸ್ಪತ್ರೆಯ ತಟ್ಟೆ ಬಂತು. ಅನ್ನ, ಬೇಳೆಸಾರು, ಎರಡು ಬೇಯಿಸಿದ ಮೊಟ್ಟೆ. ಜಡೆಮ್ಮ ವರಾಂಡದಲ್ಲಿ ಕೂತಿದ್ದಳು. ಪ್ರಭುಲಿಂಗ ತಟ್ಟೆ ನೋಡಿ, ಬಾಗಿಲ ಕಡೆ ನೋಡಿ, ಹೆಂಡತಿಯ ಕೈ ಹಿಡಿದು ಪಿಸುಗುಟ್ಟಿದ: "ಲಗೂನ ಸುಲಿ. ಅಕ್ಕ ಒಳಗ ಬರೂದ್ರಾಗ ತಿಂದುಬಿಡ್ತೀನಿ. ಆಕಿಗೆ ಹೇಳಬ್ಯಾಡ."

ಕೀವು, ಪಿತ್ತ, ಹೊರಬಂದ ಕರುಳು, ಇವುಗಳ ಮುಂದೆ ಗಟ್ಟಿಯಾಗಿ ಕೂತಿದ್ದ ವಿಜಯಲಕ್ಷ್ಮಿಗೆ ಈಗ ವಾಂತಿ ಗಂಟಲಿಗೆ ಬಂತು. ಹಾಸಿಗೆಯ ಕಂಬಿ ಹಿಡಿದು ತಡೆದುಕೊಂಡಳು. ಆಮೇಲೆ ವಾರ್ಡಿನ ಆ ತುದಿಗೂ ಕೇಳುವ ಹಾಗೆ ಕೂಗಿದಳು: "ಅಕ್ಕಾ, ಒಳಗ ಬರ್ರಿ."

ಜಡೆಮ್ಮ ಬಂದಳು. ತಟ್ಟೆ ನೋಡಿದಳು, ತಮ್ಮನ ಮುಖ ನೋಡಿದಳು. ವಿಜಯಲಕ್ಷ್ಮಿ ಎದೆ ಬಡಿದುಕೊಳ್ಳುವ ಸದ್ದಿಗೆ ಕಾದಳು. ಪ್ರಭುಲಿಂಗ ಕಣ್ಣು ಮುಚ್ಚಿಕೊಂಡ. ಆದರೆ ಜಡೆಮ್ಮ ಅತ್ತ ಇತ್ತ ನೋಡಿ, ತಮ್ಮನ ಕಿವಿಯ ಹತ್ತಿರ ಬಗ್ಗಿ, ತಗ್ಗಿದ ದನಿಯಲ್ಲಿ ಅಂದಳು: "ನನಗ ಗೊತ್ತಿಲ್ಲಂತ ಮಾಡಿಯೇನಲೇ? ಅಮಾಸಿಗೊಮ್ಮೆ ಬರ್ತಿದ್ದೆಲ್ಲ, ನಿನ್ನ ಅಂಗಿ ತೊಳದಾಕಿ ನಾನು. ಅದರ ನಾತ ಮುಚ್ಚಿಟ್ರ ಮುಚ್ಚತೈತೇನು? ಊರಾಗ ಗೊತ್ತಾಗಬಾರದಂತ ಸುಮ್ಮನಿದ್ದೆ. ತಿನ್ನು, ತಿನ್ನು ಲಗೂನ. ವೀರಭದ್ರನ ಹೇಂತಿ ಬಂದಾಳ, ಕೆಳಗ ಚಪ್ಲಿ ಬಿಡಾಕತ್ಯಾಳ."

ಹಾಗೆಂದು ಹಾಸಿಗೆಗೂ ಬಾಗಿಲಿಗೂ ನಡುವೆ ನಿಂತು, ಎರಡೂ ಕೈಯಲ್ಲಿ ಸೆರಗು ಅಗಲಿಸಿ ಪರದೆ ಹಿಡಿದಳು. ಪ್ರಭುಲಿಂಗ ತಾನೇ ಕೈ ಚಾಚಿ, ಸಿಪ್ಪೆ ಸುಲಿದು, ಇಡೀ ಮೊಟ್ಟೆಯನ್ನು ಬಾಯಿಗೆ ತುಂಬಿಕೊಂಡ. ಕಣ್ಣಿನಿಂದ ನೀರು ಇಳಿಯುತ್ತಿತ್ತು, ದವಡೆ ಮಾತ್ರ ನಿಲ್ಲಲಿಲ್ಲ.

ವಿಜಯಲಕ್ಷ್ಮಿ ಇಬ್ಬರನ್ನೂ ನೋಡಿದಳು. ತಮ್ಮ ತಿನ್ನುವುದು ಅಕ್ಕನಿಗೆ ಗೊತ್ತಿತ್ತು. ಗೊತ್ತಿದ್ದೂ ಗಂಜಿ ಕುಡಿಸಿದಳು. ಅವನು ಗಂಜಿ ಕುಡಿದು ಬಿಳುಚಿಕೊಂಡು ಬಿದ್ದಿದ್ದ. ನಡುವೆ ತಾನು ಬೆಳಗಾಗೆದ್ದು ಆ ಗಾಯದ ತಳದಲ್ಲಿ ಕೆಂಪು ಹುಡುಕುತ್ತಿದ್ದಳು. ಇಷ್ಟು ಹೇಸಿಗೆ ಅವಳಿಗೆ ಹುಟ್ಟಿದ ಮೇಲೆ ಎಂದೂ ಆಗಿರಲಿಲ್ಲ. ಎದ್ದು ಹೋಗೋಣ ಅನ್ನಿಸಿತು. ಇನ್ನೊಂದು ಮೊಟ್ಟೆ ಇನ್ನೂ ತಟ್ಟೆಯಲ್ಲಿತ್ತು, ಹೋಗಲಿಲ್ಲ. ಅದನ್ನು ಸುಲಿದು ಅವನ ಕೈಗೆ ಕೊಟ್ಟಳು.

ವೀರಭದ್ರನ ಹೆಂಡತಿ ಬ್ರೆಡ್ ಪ್ಯಾಕೆಟ್ಟು ಹಿಡಿದು ಬಂದಳು. ಅಗಲಿಸಿದ ಸೆರಗು ಕಂಡು ಕತ್ತು ನೀಡಿದಳು. "ಏನ್ ಜಡೆಮ್ಮಕ್ಕಾ, ಊಟ ಮಾಡಾಕತ್ತಾನ? ಏನ್ ಕೊಟ್ಟಾರ?"

"ಏನಿಲ್ಲವ್ವಾ, ಗಂಜಿ. ಗಂಜಿ, ಬ್ರೆಡ್ಡು" ಅಂದಳು ಜಡೆಮ್ಮ.

ಪ್ರಭುಲಿಂಗ ಉಬ್ಬಿದ ಕೆನ್ನೆಯಲ್ಲಿ ಅಗಿಯುವುದನ್ನು ನಿಲ್ಲಿಸಿದ. ವಿಜಯಲಕ್ಷ್ಮಿ ಎದ್ದು, ಜಡೆಮ್ಮನ ಸೆರಗಿನ ತುದಿ ಹಿಡಿದು ಮೆಲ್ಲಗೆ ಕೆಳಗಿಳಿಸಿದಳು.

"ತತ್ತಿ" ಅಂದಳು. "ಒಂದು ತಿಂದಾರ, ಇದು ಎರಡನೇದು." ಆಮೇಲೆ ಗಂಡನ ಕಡೆ ತಿರುಗಿ, "ಅಗೀರಿ" ಅಂದಳು.

ಮೂರು ಜನ ಹೆಂಗಸರು ನೋಡುತ್ತಿದ್ದರು. ಅವನು ಅಗಿದ.